ಡಿಂಗ್ ಆನೆ ಬದಲಿಸಿದ್ದು ಯಾಕೆ ತಪ್ಪಾಯ್ತು?

ಒಳ್ಳೆಯ ಪ್ರಶ್ನೆ. 'ಕಾಯಿ ಕಡಿಮೆಯಾದಷ್ಟೂ ಡ್ರಾ ಸುಲಭ ಅಲ್ವಾ, ಹಾಗಾದ್ರೆ 2024ರ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನಲ್ಲಿ ಗುಕೇಶ್ ವಿರುದ್ಧದ 14ನೇ ಆಟದಲ್ಲಿ ಡಿಂಗ್ ಲಿರೆನ್ ಆನೆ ಬದಲಿಸಿ (ಅಂದ್ರೆ ಪರಸ್ಪರ ಆನೆ ಹೊಡೆದುಕೊಂಡು) ಸೋತಿದ್ದು ಹೇಗೆ?' ಅಂತ ಕೇಳಿದ್ದೀರಿ. ಸಾಮಾನ್ಯವಾಗಿ ನೀವು ಹೇಳಿದ್ದು ಸರಿ. ಇಲ್ಲಿ ಎಡವಟ್ಟಾಗಿದ್ದು ಒಂಟೆಯಿಂದ.

ಡಿಂಗ್ ಅವರ ಬಿಳಿ ಒಂಟೆ ಎ8 ಮೂಲೆಯಲ್ಲಿತ್ತು. ಅಲ್ಲಿಂದ ಹೊರಬರಲು ಇರುವುದು ಒಂದೇ ಕರ್ಣ. 55ನೇ ನಡೆಯಲ್ಲಿ ಅವರು ಆನೆಯನ್ನು ಎಫ್2ಕ್ಕೆ ತಂದರು. ಗುಕೇಶ್ ಆನೆ ಬದಲಿಸಿ, ತಮ್ಮ ಒಂಟೆಯನ್ನು ಡಿ5ರಲ್ಲಿ ಇಟ್ಟರು. ಅಷ್ಟೇ, ದಾರಿ ಮುಚ್ಚಿತು! ಬಿಳಿ ಒಂಟೆ ಬಿ7ಕ್ಕೆ ಹೋದರೂ ಸಿ6ಕ್ಕೆ ಹೋದರೂ ಹೊಡೆತ. ಹಾಗಾಗಿ ಒಂಟೆಗಳೂ ಬದಲಾಗಲೇಬೇಕು. ಉಳಿದದ್ದು ರಾಜರು, ಗುಕೇಶ್‌ಗೆ ಎರಡು ಕಾಲಾಳು, ಡಿಂಗ್‌ಗೆ ಒಂದು. ಕಪ್ಪು ರಾಜ ಪಕ್ಕದಲ್ಲೇ ಇದ್ದ, ಗೆಲುವು ಖಚಿತ. 58 ನಡೆಗೆ ಡಿಂಗ್ ಸೋಲೊಪ್ಪಿದರು.

ಆನೆಗಳನ್ನು ಹಾಗೇ ಇಟ್ಟುಕೊಂಡಿದ್ದರೆ ಡ್ರಾ ಆಗುವ ಸ್ಥಿತಿ ಅದು. ಆದರೆ ಗಂಟೆಗಟ್ಟಲೆ ಕೂತು, ಗಡಿಯಾರದಲ್ಲಿ ಸಮಯ ಸವೆದ ಮೇಲೆ ಇಂಥದ್ದು ಕಣ್ತಪ್ಪುತ್ತದೆ. ನನಗೆ ಡಿಂಗ್ ಬಗ್ಗೆ ನಿಜಕ್ಕೂ ಸಂಕಟವಾಯ್ತು. ಹಾಗಂತ ಗುಕೇಶ್‌ಗೆ ಸುಮ್ನೆ ಅದೃಷ್ಟ ಒಲಿಯಿತು ಅನ್ನುವುದನ್ನು ನಾನು ಒಪ್ಪಲ್ಲ. ಡ್ರಾ ಮಾಡಿಕೊಳ್ಳದೆ, ಆ ಒಂದು ಕಾಲಾಳಿನ ಮೇಲುಗೈ ಹಿಡಿದು ಒತ್ತುತ್ತಲೇ ಇದ್ದರು. ಒಟ್ಟು ಅಂಕ 7.5–6.5, ಹದಿನೆಂಟನೇ ವಯಸ್ಸಿಗೆ ವಿಶ್ವ ಚಾಂಪಿಯನ್!

ಬೋರ್ಡ್ ಮೇಲೆ ಕಾಯಿ ಇಟ್ಟು ಆ ಕೊನೆಯ ನಾಲ್ಕು ನಡೆ ಆಡಿ ನೋಡಿ, ತಕ್ಷಣ ಹೊಳೆಯುತ್ತದೆ.