ಭಾನುವಾರ ಕಾಫಿ ಕೊಯ್ಲು ಮಾಡಿಸ್ಬೋದಾ ಟೀಚರ್?

ಓದುಗರ ಪ್ರಶ್ನೆ, ಟೀಚರ್ ಉತ್ತರ

ಪ್ರಶ್ನೆ: ಟೀಚರ್, ಮಗಳು ಎಂಟನೇ ಕ್ಲಾಸು. ಸ್ಕೂಲಲ್ಲಿ ಬಿಗ್ ಬ್ಯಾಂಗ್, 1380 ಕೋಟಿ ವರ್ಷ ಅಂತಾರೆ, ಚರ್ಚಲ್ಲಿ ಆರು ದಿನ ಅಂತಾರೆ. ಯಾವ್ದು ಸುಳ್ಳು ಹೇಳಮ್ಮ ಅಂತ ದಿನಾ ತಲೆ ತಿಂತಾಳೆ. ಏನ್ ಹೇಳ್ಲಿ?
ಸುಂಟಿಕೊಪ್ಪದಿಂದ ಒಬ್ಬ ಅಮ್ಮ

ತಲೆ ತಿನ್ನೋ ಮಕ್ಕಳೇ ಒಳ್ಳೇದು ಬಿಡಿ, 30 ವರ್ಷ ಸೈನ್ಸ್ ಪಾಠ ಮಾಡಿದ ಅನುಭವದಲ್ಲಿ ಹೇಳ್ತೀನಿ. ಅವಳ ಕೈಗೇ ಬೈಬಲ್ ಕೊಟ್ಟು ಆದಿಕಾಂಡದ ಮೊದಲನೇ ಅಧ್ಯಾಯ ಓದಿಸಿ, ಓದಿದ್ಮೇಲೆ ಸೂರ್ಯ ಬಂದಿದ್ದು ಎಷ್ಟನೇ ದಿನ ಅಂತ ಕೇಳಿ. ನಾಲ್ಕನೇ ದಿನ! ಹಾಗಾದ್ರೆ ಮೊದಲ ಮೂರು ದಿನದ ಸಾಯಂಕಾಲ, ಬೆಳಗ್ಗೆ ಎಲ್ಲಾ ಯಾವ ಸೂರ್ಯನ ಲೆಕ್ಕ? ಬರೆದವರಿಗೆ ಇದು ಗೊತ್ತಿರ್ಲಿಲ್ಲ ಅಂದ್ಕೋಬೇಡಿ, ಅವರು ಗಡಿಯಾರ ಇಟ್ಕೊಂಡು ಬರೆದಿಲ್ಲ ಅಷ್ಟೇ. ಮೊದಲ ಮೂರು ದಿನ ಜಾಗ ರೆಡಿ ಆಗುತ್ತೆ, ಬೆಳಕು-ಕತ್ತಲೆ, ಆಕಾಶ-ನೀರು, ಒಣನೆಲ, ಮುಂದಿನ ಮೂರು ದಿನ ಆಯಾ ಜಾಗಕ್ಕೆ ಸೂರ್ಯ ಚಂದ್ರ, ಮೀನು ಹಕ್ಕಿ, ಪ್ರಾಣಿ ಮನುಷ್ಯ ಬರ್ತಾರೆ, ನಾವು ಮೊದಲು ಕೊಟ್ಟಿಗೆ ಕಟ್ಟಿ ಆಮೇಲೆ ಹಸು ತರೋ ಹಾಗೆ.

ಇನ್ನೊಂದು ವಿಷ್ಯ, ಈ ದಿನಗಳು ನಮ್ಮ ಮಾಮೂಲಿ ದಿನಗಳ ಥರ ಅಲ್ಲ ಅಂತ ಸಂತ ಅಗಸ್ಟೀನರು ಸುಮಾರು 1600 ವರ್ಷದ ಹಿಂದೇನೇ ಬರೆದಿದ್ರು, ಅಂದ್ರೆ ಡಾರ್ವಿನ್‌ಗೆ ಹೆದರಿ ಆಮೇಲೆ ಕಟ್ಟಿದ ಸಮಜಾಯಿಷಿ ಅಲ್ಲ ಇದು. ಬಿಗ್ ಬ್ಯಾಂಗ್ ಐಡಿಯಾ ಕೊಟ್ಟ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, 1931ರಲ್ಲಿ ಇಡೀ ವಿಶ್ವ ಒಂದು ಆದಿ ಅಣುವಿಂದ ಶುರುವಾಯ್ತು ಅಂದವರು. 1951ರಲ್ಲಿ ಪೋಪ್ ಹನ್ನೆರಡನೇ ಪಿಯೂಸ್ ಇದು ನಮ್ಮ ಸೃಷ್ಟಿಕರ್ತನಿಗೇ ಸಾಕ್ಷಿ ಅನ್ನೋ ಧಾಟೀಲಿ ಮಾತಾಡಿದಾಗ ಆ ಪಾದ್ರಿಗೇ ಅದು ಸರಿ ಬರ್ಲಿಲ್ಲ, ನನ್ನ ಲೆಕ್ಕ ಬೇರೆ, ವಿಶ್ವಾಸ ಬೇರೆ ಅನ್ನೋ ಮನುಷ್ಯ ಅವರು. ಹೇಗಾಯ್ತು, ಎಷ್ಟು ವರ್ಷ ಆಯ್ತು ಅನ್ನೋದನ್ನ ಸ್ಕೂಲಲ್ಲಿ ಕಲೀಲಿ. ಇದೆಲ್ಲ ಯಾರದು, ನಾವಿಲ್ಲಿ ಯಾಕಿದೀವಿ ಅನ್ನೋದು ಆದಿಕಾಂಡದ ಸಬ್ಜೆಕ್ಟು.

ಪ್ರಶ್ನೆ: ದೇವರು ಎಲ್ಲವನ್ನೂ ನೋಡಿ "ಬಹಳ ಒಳ್ಳೇದು" ಅಂದ್ರಂತೆ. 2018ರ ಆಗಸ್ಟಲ್ಲಿ ನಮ್ಮ ಗುಡ್ಡ ಜಾರಿ ತೋಟ, ಮನೆ ಎಲ್ಲಾ ಹೋಯ್ತು. ಅದೂ ಒಳ್ಳೇದಾ?
ಮಕ್ಕಂದೂರು ಕಡೆಯ ಓದುಗರು

ಅಲ್ಲ ಅಣ್ಣ. ಹಾಗಂತ ಯಾರಾದ್ರೂ ನಿಮ್ಗೆ ಹೇಳಿದ್ರೆ ಅವರಿಗೆ ಕಾಫಿ ಕೂಡ ಕೊಡ್ಬೇಡಿ. ಆ ಅಧ್ಯಾಯದಲ್ಲಿ ಒಂದು ಚಿಕ್ಕ ವಿಷ್ಯ ಇದೆ, ಹೀಬ್ರೂ ಮೂಲದಲ್ಲಿ ಎರಡನೇ ದಿನಕ್ಕೆ ಮಾತ್ರ "ಒಳ್ಳೇದೆಂದು ಕಂಡರು" ಅನ್ನೋ ಮಾತಿಲ್ಲ, ಅವತ್ತು ಮಾಡಿದ್ದು ಮೇಲಿನ ನೀರು ಕೆಳಗಿನ ನೀರು ಬೇರೆ ಮಾಡೋ ಕೆಲಸ. ಕೆಲಸ ಮುಗಿದಿದ್ದು ಮಾರನೇ ದಿನ, ಒಣನೆಲ ಕಂಡ ಮೇಲೆ, ಅದಕ್ಕೇ ಇರ್ಬೇಕು ಅಂತ ಯಹೂದಿ ಪಂಡಿತರು ಹೇಳ್ತಾರೆ. ನನಗಂತೂ 2018 ಆದ್ಮೇಲೆ ಆ ಎರಡನೇ ದಿನ ಓದಿದ್ರೆ ಹೊಟ್ಟೇಲಿ ಏನೋ ಆಗುತ್ತೆ, ನೀರು ತನ್ನ ಜಾಗ ಬಿಟ್ಟು ಬಂದ್ರೆ ಏನಾಗುತ್ತೆ ಅಂತ ನಾವು ಕಣ್ಣಾರೆ ನೋಡಿದವರು. ಆದ್ರೆ ಎಲ್ಲಾನೂ ಮಳೆ ತಲೆಗೇ ಕಟ್ಟೋಕಾಗಲ್ಲ, ಗುಡ್ಡದ ಕಾಲು ಕಡಿದು ರೋಡು, ಸೈಟು, ಹೋಂಸ್ಟೇ ಮಾಡಿದ್ದರ ಪಾಲೂ ಇದೆ. ಬೈಬಲಿನ ಮೊದಲ ಮನುಷ್ಯ ಆದಾಮ, ಆ ಹೆಸರು ಬಂದಿದ್ದೇ ಅದಾಮಾ, ಅಂದ್ರೆ ಮಣ್ಣು ಅನ್ನೋ ಪದದ ಜೊತೆ. ಅವನನ್ನ ತೋಟದಲ್ಲಿ ಇಟ್ಟಿದ್ದು ದುಡಿಯೋಕೂ ಕಾಯೋಕೂ, ಅಲ್ಲಿ ದುಡಿಯೋದಕ್ಕಿರೋ ಹೀಬ್ರೂ ಪದಕ್ಕೆ ಸೇವೆ ಮಾಡೋದು ಅಂತಾನೂ ಅರ್ಥ ಇದೆ. ನಿಮ್ಮ ಗುಡ್ಡನೇ ಯಾಕೆ, ನಿಮ್ಮ ಮನೇನೇ ಯಾಕೆ ಅಂದ್ರೆ ನನ್ನ ಹತ್ರ ಉತ್ತರ ಇಲ್ಲ.

ಪ್ರಶ್ನೆ: ಆದಾಮನಿಗೆ ಹೊಕ್ಕುಳು ಇತ್ತಾ?
ಸೋಮವಾರಪೇಟೆಯಿಂದ

ಇತ್ತೋ ಇಲ್ವೋ, ಬೈಬಲ್ ನೋಡೋಕೆ ಹೋಗಿಲ್ಲ. ಮುಂದಕ್ಕೆ ಹೋಗೋಣ.

ಪ್ರಶ್ನೆ: ಟೀಚರ್, ಕೊಯ್ಲು ಟೈಮು, ಆಳು ಸಿಗೋದೇ ಕಷ್ಟ. ಡಬಲ್ ಕೂಲಿ ಕೊಟ್ಟು ಭಾನುವಾರನೂ ಕೊಯ್ಸಿದ್ರೆ ತಪ್ಪಾ? ನಾನು ಮಾತ್ರ ಚರ್ಚಿನ ಪೂಜೆಗೆ ತಪ್ಪಿಸಲ್ಲ.
ಸಿದ್ದಾಪುರದ ಒಬ್ಬ ಬೆಳೆಗಾರರು

ನೀವು ತಪ್ಪಿಸಲ್ಲ, ಸರಿ. ಆಳುಗಳು?

ಹಳೇ ಬ್ಯಾಬಿಲೋನಿನ ಸೃಷ್ಟಿಕತೆ ಒಂದಿದೆ. ಮರ್ದೂಕ್ ದೇವರು ಸಮುದ್ರದ ದೇವತೆ ತಿಯಾಮತ್‌ಳನ್ನ ಕೊಂದು ಅವಳ ಮೈ ಸೀಳಿ ಆಕಾಶ ಭೂಮಿ ಮಾಡ್ತಾನೆ, ಸೋತ ಇನ್ನೊಬ್ಬ ದೇವರ ರಕ್ತದಿಂದ ಮನುಷ್ಯರನ್ನ ಮಾಡಿಸ್ತಾನೆ, ಯಾಕೆ ಅಂದ್ರೆ ದೇವರುಗಳ ಕೆಲಸ ಎಲ್ಲಾ ಇವರು ಹೊತ್ಕೊಂಡ್ರೆ ದೇವರುಗಳು ರೆಸ್ಟ್ ತಗೋಬೋದು ಅಂತ. ಕ್ರಿಸ್ತಪೂರ್ವ 587ರ ಸುಮಾರಿಗೆ ಜೆರುಸಲೇಮ್ ಬಿದ್ದು ಯಹೂದಿಗಳು ಸೆರೆಯಾಗಿ ಹೋಗಿದ್ದು ಆ ಊರಿಗೇ, ಆದಿಕಾಂಡದ ಮೊದಲ ಅಧ್ಯಾಯ ಈಗಿನ ರೂಪಕ್ಕೆ ಬಂದಿದ್ದು ಆ ಕಾಲದಲ್ಲಿ ಅಂತ ತುಂಬಾ ಪಂಡಿತರ ಅಭಿಪ್ರಾಯ. ಈಗ ಅದನ್ನ ಓದಿ ನೋಡಿ, ದೇವರು ತಾನೇ ಆರು ದಿನ ದುಡೀತಾರೆ, ಮನುಷ್ಯರನ್ನ ಗಂಡು ಹೆಣ್ಣು ಅಂತಿಲ್ದೆ ತನ್ನ ಹೋಲಿಕೇಲೇ ಮಾಡ್ತಾರೆ, ಏಳನೇ ದಿನ ಸುಮ್ನೆ ಕೂರ್ತಾರೆ. ಬೈಬಲಿನ ಎರಡನೇ ಪುಸ್ತಕ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಇದೇ ಕಾರಣ ಕೊಟ್ಟು ನಿನ್ನ ಆಳಿಗೂ, ದನಕ್ಕೂ, ಊರಲ್ಲಿರೋ ಪರದೇಶಿಗೂ ಅವತ್ತು ರಜೆ ಅಂತ ಆಜ್ಞೆ ಆಗುತ್ತೆ. ಆ ಪರದೇಶಿ ಇವತ್ತು ನಿಮ್ಮ ತೋಟದ ಆಳುಗಳ ಲೈನ್ ಮನೇಲಿರೋ ಅಸ್ಸಾಮಿನ ಹುಡುಗ.

ಕಣದಲ್ಲಿ ಕಾಫಿ ಹರಡಿದಾಗ ಮಳೆ ಬಂದ್ರೆ ಭಾನುವಾರ ಅಂತ ನೋಡ್ಬೇಡಿ, ಎಲ್ರೂ ಓಡಿ ಟಾರ್ಪಾಲ್ ಮುಚ್ಚಿ, ಬಾವಿಗೆ ಬಿದ್ದ ಎತ್ತನ್ನ ಸಬ್ಬತ್, ಅಂದ್ರೆ ವಾರದ ರಜೆ ದಿನ ಅಂತ ಬಿಡ್ತೀರಾ ಅಂತ ಯೇಸುಸ್ವಾಮಿನೇ ಕೇಳಿದಾರೆ. ಆದ್ರೆ ನಿಮ್ದು ರೊಬಸ್ಟಾ ಆದ್ರೆ ಹಣ್ಣಾದ್ಮೇಲೂ ಗಿಡ ಹಿಡ್ಕೊಂಡಿರುತ್ತೆ, ಒಂದು ದಿನಕ್ಕೆ ಏನೂ ಆಗಲ್ಲ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆಳುಗಳಿಗೆ ಭಾನುವಾರ ಬಿಟ್ರೆ ಸಂತೆಗೆ ಹೋಗೋಕೆ ಬೇರೆ ದಿನ ಯಾವ್ದಿದೆ ಹೇಳಿ.

ನಮ್ಮಪ್ಪ ಎಸ್ಟೇಟ್ ರೈಟರ್, ಅಂದ್ರೆ ತೋಟದ ಲೆಕ್ಕ ಬರೆಯೋರಾಗಿದ್ರು. ಚೆಕ್‌ರೋಲಲ್ಲಿ, ಅಂದ್ರೆ ಆಳುಗಳ ಹಾಜರಿ ಪುಸ್ತಕದಲ್ಲಿ, ಭಾನುವಾರದ ಕಾಲಂಗೆ ತಿಂಗಳ ಶುರುವಲ್ಲೇ ಕೆಂಪು ಇಂಕಲ್ಲಿ ಉದ್ದ ಗೆರೆ ಎಳೆದಿಡ್ತಿದ್ರು. ಒಂದ್ಸಲ ಕೊಯ್ಲಲ್ಲಿ ಸಾಹುಕಾರ್ರು ಸಿಕ್ಕಾಪಟ್ಟೆ ಕೂಗಾಡಿ, ಇವತ್ತು ಹಾಜರಿ ಹಾಕು ಅಂದಾಗ ಅಪ್ಪ ಪೆನ್ನು ಪುಸ್ತಕ ಎರಡೂ ಅವರ ಮುಂದಿಟ್ಟು ನೀವೇ ಬರೀರಿ ಸರ್ ಅಂದ್ರಂತೆ. ಅವರು ಬರೀಲಿಲ್ಲ.