ಉಗ್ರಾ ನದಿಯ ದಡದಲ್ಲಿ ನಡೆದದ್ದೇನು?

ಪ್ರಶ್ನೆ: 1480ರಲ್ಲಿ ರಷ್ಯಾದ ಉಗ್ರಾ ನದಿಯ ಎರಡು ದಡಗಳಲ್ಲಿ ಸೇನೆಗಳು ಸುಮ್ಮನೆ ನಿಂತು ಮರಳಿದವೆಂದೂ ಅಷ್ಟರಿಂದಲೇ ಮಾಸ್ಕೋ ತಾತಾರರ ಅಧೀನದಿಂದ ಬಿಡುಗಡೆ ಹೊಂದಿತೆಂದೂ ಓದಿದ್ದೇನೆ. ಯುದ್ಧವಿಲ್ಲದೆ ಇದು ಹೇಗೆ ಸಾಧ್ಯವಾಯಿತು?

ಉತ್ತರ: ಸೇನೆಗಳು ಸುಮ್ಮನೆ ನಿಂತಿದ್ದವೆಂಬುದು ಪೂರ್ತಿ ನಿಜವಲ್ಲ. ಸ್ಮೊಲೆನ್ಸ್ಕ್ ಪ್ರಾಂತದಲ್ಲಿ ಹುಟ್ಟಿ, ಸುಮಾರು 400 ಕಿಲೋಮೀಟರ್ ಹರಿದು, ಕಲುಗಾ ನಗರದ ಬಳಿ ಓಕಾ ನದಿಯನ್ನು ಕೂಡುವ ಉಗ್ರಾ, ಆಗ ಮಾಸ್ಕೋ ಮತ್ತು ಲಿಥುವೇನಿಯಾಗಳ ಗಡಿಸೀಮೆಯಲ್ಲಿತ್ತು. ದಕ್ಷಿಣದ ಹುಲ್ಲುಗಾವಲುಗಳಿಂದ ಬರುವ ತಾತಾರರ ದಾಳಿಯನ್ನು ಮಾಸ್ಕೋ ಸಾಮಾನ್ಯವಾಗಿ ಓಕಾ ದಡದಲ್ಲೇ ತಡೆಯುತ್ತಿತ್ತು. 1472ರಲ್ಲಿ ತಾತಾರರ ಖಾನ್, ಅಂದರೆ ದೊರೆ, ಅಹ್ಮದ್ ಅಲೆಕ್ಸಿನ್ ಪಟ್ಟಣವನ್ನು ಸುಟ್ಟನಾದರೂ ಅಲ್ಲಿಂದ ಮುಂದೆ ಬರಲಾಗಲಿಲ್ಲ. ಆದ್ದರಿಂದ 1480ರಲ್ಲಿ ಅವನು ಪಶ್ಚಿಮಕ್ಕೆ ಬಳಸಿ, ಲಿಥುವೇನಿಯಾದ ನೆಲದ ಮೂಲಕ ಉಗ್ರಾ ಬಳಿಗೆ ಬಂದನು. ಅಲ್ಲಿನ ದೊರೆ ಕಾಸಿಮಿರ್‌ನ ಸೇನೆ ಬಂದು ಕೂಡಿಕೊಳ್ಳುವುದೆಂಬುದು ಅವನ ಲೆಕ್ಕಾಚಾರವಾಗಿತ್ತು.

ಕುದುರೆ ಸೇನೆ ಹೊಳೆ ದಾಟಬೇಕಾದರೆ ನೀರು ತಗ್ಗಿರುವ ಹಾಯ್ಗಡಗಳೇ ಬೇಕು. ಮಾಸ್ಕೋದ ದೊರೆ ಮೂರನೆಯ ಇವಾನ್‌ನ ಮಗ ಕಿರಿಯ ಇವಾನ್ ಮತ್ತು ಇತರ ಸೇನಾನಿಗಳು ಅವುಗಳನ್ನು ಮೊದಲೇ ಹಿಡಿದಿದ್ದರು. ಅಕ್ಟೋಬರ್ 8ರಿಂದ ನಾಲ್ಕು ದಿನ ತಾತಾರರು ದಾಟಲು ಪ್ರಯತ್ನಿಸಿದರು. ಬಯಲಿನಲ್ಲಿ ಶತ್ರುವನ್ನು ಸುತ್ತುವರಿದು ಬಾಣ ಬಿಡುವುದರಲ್ಲಿ ಪಳಗಿದ ಸವಾರರಿಗೆ, ಕಿರಿದಾದ ಹಾಯ್ಗಡದ ನೀರಿನಲ್ಲಿ ಆ ಚಾತುರ್ಯವೊಂದೂ ಒದಗಲಿಲ್ಲ. ಎದುರು ದಡದಿಂದ ಬಾಣಗಳ ಜೊತೆಗೆ ಬಂದೂಕು, ಫಿರಂಗಿಗಳ ಗುಂಡುಗಳೂ ಬೀಳುತ್ತಿದ್ದವು. ನದಿಯೇ ಅಲ್ಲಿ ಕೋಟೆಯ ಗೋಡೆಯಾಯಿತು.

ಆಮೇಲಿನದು ಕಾಯುವಿಕೆ. ಕಾಸಿಮಿರ್ ಬರಲೇ ಇಲ್ಲ, ಏಕೆಂದರೆ ಮಾಸ್ಕೋದ ಮಿತ್ರನಾದ ಕ್ರಿಮಿಯಾದ ಖಾನ್ ಮೆಂಗ್ಲಿ ಗಿರಾಯ್ ಅವನ ಪೊದೋಲಿಯಾ ಪ್ರಾಂತದ ಮೇಲೆ ದಾಳಿ ಮಾಡಿದ್ದನು. ಇತ್ತ ಅಣ್ಣನ ವಿರುದ್ಧ ದಂಗೆಯೆದ್ದಿದ್ದ ಇವಾನ್‌ನ ಇಬ್ಬರು ತಮ್ಮಂದಿರೂ ರಾಜಿಯಾದರು. ಅಕ್ಟೋಬರ್ ಕೊನೆಯಲ್ಲಿ ಹೊಳೆ ಹೆಪ್ಪುಗಟ್ಟತೊಡಗಿದಾಗ, ನೀರಿನ ತಡೆ ಇನ್ನು ನಿಲ್ಲದೆಂದರಿತ ಇವಾನ್ ಸೇನೆಯನ್ನು ಹಿಂದಕ್ಕೆ ಕರೆಸಿಕೊಂಡನು. ಹೀಗೆ ದಾರಿ ತೆರೆದಿದ್ದರೂ, ಚಳಿಯಿಂದ ಬಳಲಿದ್ದ ಅಹ್ಮದ್ ನವೆಂಬರ್‌ನಲ್ಲಿ ಹಿಂದಿರುಗಿದನು.

ಒಂದೇ ದಿನದಲ್ಲಿ ಬಿಡುಗಡೆ ದೊರೆಯಿತೆನ್ನುವುದು ನನ್ನ ದೃಷ್ಟಿಯಲ್ಲಿ ಅತಿಶಯೋಕ್ತಿ: ಮಾಸ್ಕೋ ಅದಕ್ಕೂ ಮೊದಲೇ ಕಪ್ಪ ಕೊಡುವುದನ್ನು ನಿಲ್ಲಿಸಿತ್ತು, ಅದನ್ನು ಮತ್ತೆ ಹೇರಲು ಖಾನ್ ನಡೆಸಿದ ದಂಡಯಾತ್ರೆ ಉಗ್ರಾ ದಡದಲ್ಲಿ ವಿಫಲವಾಯಿತು. ಮರುವರ್ಷವೇ ಅಹ್ಮದ್ ಪ್ರತಿಸ್ಪರ್ಧಿಗಳ ಕೈಯಲ್ಲಿ ಹತನಾದನು. ಅವನ ರಾಜ್ಯವನ್ನು 1502ರಲ್ಲಿ ಮುರಿದವನು ಮೆಂಗ್ಲಿ ಗಿರಾಯ್.