ಪುಸ್ತಕ ಹೇಳುತ್ತೇನೆ, ಕ್ರಮ ಮಾತ್ರ ಕೇಳಬೇಡಿ

ಕಾಲೇಜು ಬಿಟ್ಟ ಮೇಲೆ ಓದು ನಿಂತೇಹೋಗಿದೆ, ಬೇರೆ ಬೇರೆ ಬಗೆಯ ಹತ್ತು ಕನ್ನಡ ಪುಸ್ತಕ ಹೇಳಿ, ಯಾವುದು ಮೊದಲು ಯಾವುದು ಆಮೇಲೆ ಅಂತ ಕ್ರಮವನ್ನೂ ಹೇಳಿ, ತಿಂಗಳಿಗೆ ಒಂದರಂತೆ ಮುಗಿಸುತ್ತೇನೆ ಎಂದು ಕೇಳಿದ್ದೀರಿ. ಆ 'ಮುಗಿಸುತ್ತೇನೆ' ಅನ್ನೋ ಮಾತು ನೋಡಿ ಸುಮ್ಮನಿರಲು ಆಗಲಿಲ್ಲ. 2011ರಲ್ಲಿ ನಾನೂ ಸರಿಯಾಗಿ ಇದೇ ಮಾತು ಹೇಳಿದ್ದೆ. ಅದಾದ ಮೇಲೆ ಏಳು ವರ್ಷ ಒಂದು ಪುಸ್ತಕವನ್ನೂ ಓದಲಿಲ್ಲ.

ನಾನು ಸಾಗರದ ಕಡೆಯವನು. ಚಿಕ್ಕವನಿದ್ದಾಗ ನನಗೆ ಓದು ಅಂದರೆ ಊರಿನ ಲೈಬ್ರರಿಯಲ್ಲಿ ಕೈಗೆ ಸಿಕ್ಕಿದ್ದು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ, ಚಂದಮಾಮ, ಹಳೆಯ ಸುಧಾ, ತ್ರಿವೇಣಿ. ಎಷ್ಟೋ ಪುಸ್ತಕಕ್ಕೆ ರಕ್ಷಾಪುಟವೇ ಇರಲಿಲ್ಲ, ಮೊದಲ ಎಂಟು ಪುಟ ಹರಿದುಹೋಗಿರುತ್ತಿದ್ದವು, ಹಾಗಾಗಿ ಬರೆದವರು ಯಾರು ಅಂತಲೂ ಗೊತ್ತಿಲ್ಲದೆ ನಡುವಿನಿಂದ ಓದಲು ಶುರು ಮಾಡುತ್ತಿದ್ದೆ. ಹಿಡಿಸಿದರೆ ಕೊನೆವರೆಗೆ. ಇಲ್ಲದಿದ್ದರೆ ಕಪಾಟಿಗೆ ವಾಪಸ್. ಆ ವಯಸ್ಸಿನಲ್ಲಿ ನಾನು ತುಂಬಾ ಒಳ್ಳೆಯ ಓದುಗನಾಗಿದ್ದೆ ಎಂದು ಈಗ ಅನಿಸುತ್ತದೆ.

ಆಮೇಲೆ ಬೆಂಗಳೂರು, ಕೆಲಸ, ಮದುವೆ, ಮಗಳು. ಓದು ತಾನಾಗಿಯೇ ಕಡಿಮೆಯಾಯಿತು. 2011ರಲ್ಲಿ ಚಂದ್ರಶೇಖರ ಕಂಬಾರರಿಗೆ ಜ್ಞಾನಪೀಠ ಬಂತು. ಕನ್ನಡಕ್ಕೆ ಎಂಟು ಜ್ಞಾನಪೀಠ ಆದವು ಅಂತ ಎಲ್ಲೆಲ್ಲೂ ಅದೇ ಮಾತು. ನನಗೂ ಒಂದು ಹುಮ್ಮಸ್ಸು ಬಂತು. ಎಂಟೂ ಜನರ ಒಂದೊಂದು ಪುಸ್ತಕ ಓದಬೇಕು, ಪ್ರಶಸ್ತಿ ಬಂದ ಕ್ರಮದಲ್ಲೇ ಓದಬೇಕು ಎಂದು ತೀರ್ಮಾನಿಸಿದೆ. ನವೆಂಬರ್ ತಿಂಗಳ ರಿಯಾಯಿತಿಯಲ್ಲಿ ಎಂಟೂ ಪುಸ್ತಕ ತಂದು ಟಿವಿ ಪಕ್ಕದ ಗೂಡಿನಲ್ಲಿ ಸಾಲಾಗಿ ಜೋಡಿಸಿದೆ.

ಕ್ರಮದಲ್ಲಿ ಮೊದಲು ಬರುವುದು ಕುವೆಂಪು. 1967ರ ಜ್ಞಾನಪೀಠ, ಕೃತಿ 'ಶ್ರೀ ರಾಮಾಯಣ ದರ್ಶನಂ'. ನಾಲ್ಕು ಸಂಪುಟಗಳ ಮಹಾಕಾವ್ಯ. ಭಾಷೆ ಹಳಗನ್ನಡದ ಹತ್ತಿರದ್ದು, ಉದ್ದುದ್ದ ಸಾಲು, ಉದ್ದುದ್ದ ಸಮಾಸ. ನಾನು ಓದಿದ್ದು ಬಿಕಾಂ. ಹಳಗನ್ನಡ ಓದಿದ್ದು ಪಿಯುಸಿಯಲ್ಲಿ, ಅದೂ ಪರೀಕ್ಷೆಗೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಪುಸ್ತಕದಿಂದ ಶುರು ಮಾಡಿದ್ದೇ ತಪ್ಪು ಅಂತ ನೀವು ಅಂದುಕೊಳ್ಳಬಹುದು. ಅದು ತಪ್ಪಲ್ಲ. ದೊಡ್ಡ ಪುಸ್ತಕವನ್ನು ಯಾರು ಯಾವಾಗ ಬೇಕಾದರೂ ತೆರೆಯಬಹುದು. ನನ್ನ ತಪ್ಪು ಏನೆಂದರೆ, ಇದನ್ನು ಮುಗಿಸುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ ಎಂದು ನಿಯಮ ಮಾಡಿಕೊಂಡದ್ದು. ದಿನಕ್ಕೆ ಹತ್ತು ಪುಟ ಅಂತ ಲೆಕ್ಕ. ಮೊದಲ ವಾರ ನಡೆಯಿತು. ಎರಡನೇ ವಾರ ಹತ್ತು ಹೋಗಿ ನಾಲ್ಕಾಯಿತು, ಪಕ್ಕದಲ್ಲಿ ನಿಘಂಟು. ಮೂರನೇ ವಾರ ಆಫೀಸಿನಿಂದ ಬಂದು ಪುಸ್ತಕ ನೋಡಿದರೆ ಸಾಲದ ಕಂತು ನೋಡಿದ ಹಾಗೆ ಆಗುತ್ತಿತ್ತು. ಅದನ್ನು ಓದಲು ಆಗುತ್ತಿಲ್ಲ, ನಿಯಮ ಇರುವುದರಿಂದ ಬೇರೆಯದನ್ನು ಓದುವ ಹಾಗಿಲ್ಲ. ಕೈ ಖಾಲಿ. ಖಾಲಿ ಕೈಗೆ ಫೋನ್ ಬಂತು. ಮೊದಲ ಸಂಪುಟದಲ್ಲಿ, ಮಂಥರೆಯ ಭಾಗ ಬರುವುದಕ್ಕೂ ಮುಂಚೆ, ಒಂದು ಬಿಎಂಟಿಸಿ ಟಿಕೆಟ್ ಇಟ್ಟು ಪುಸ್ತಕ ಮುಚ್ಚಿದೆ. ನಾಳೆ ಓದುತ್ತೇನೆ ಅಂತಲೇ ಮುಚ್ಚಿದ್ದು.

ಅದೇ ಗೂಡಿನಲ್ಲಿ ಮೂರನೆಯದಾಗಿ ಕಾರಂತರ 'ಮೂಕಜ್ಜಿಯ ಕನಸುಗಳು' ಇತ್ತು. ಅಷ್ಟೇನೂ ದಪ್ಪವಿಲ್ಲದ ಕಾದಂಬರಿ. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ಒಬ್ಬ ಮುದುಕಿ, ಹಳೆಯ ಒಂದು ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಹಿಂದಿನ ಕಾಲವೆಲ್ಲ ಆಕೆಗೆ ಕಾಣುತ್ತದೆ, ಮೊಮ್ಮಗ ಸುಬ್ಬರಾಯ ಪಕ್ಕದಲ್ಲಿ ಕೂತು ಕೇಳುತ್ತಾ ಹೋಗುತ್ತಾನೆ. ಏಳು ವರ್ಷದ ನಂತರ ತೆರೆದಾಗ ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಎರಡೇ ರಾತ್ರಿ! ಏಳು ವರ್ಷ ಅದು ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು. ಅದರ ಸರದಿ ಬಂದಿಲ್ಲ ಅನ್ನೋ ಒಂದೇ ಕಾರಣಕ್ಕೆ ಮುಟ್ಟಿರಲಿಲ್ಲ.

ನನ್ನ ಓದು ನಿಂತದ್ದು ನನ್ನ ಪಾಡು. ಆ ನಿಯಮವನ್ನು ಮಗಳ ಮೇಲೂ ಹೇರಿದೆ, ಅದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಅವಳಿಗೆ ಆಗ ಏಳೋ ಎಂಟೋ ವರ್ಷ. ಶಾಲೆಯ ಲೈಬ್ರರಿಯಿಂದ ಪುಸ್ತಕ ತಂದು ಅರ್ಧ ಓದಿ, ಅದನ್ನು ಮಗುಚಿ ಹಾಕಿ ಇನ್ನೊಂದು ತೆಗೆಯುತ್ತಿದ್ದಳು. ಥೇಟ್ ನಾನು ಚಿಕ್ಕವನಿದ್ದಾಗ ಮಾಡುತ್ತಿದ್ದ ಹಾಗೆ. ನಾನು ಗದರಿದೆ. ಅರ್ಧಕ್ಕೆ ಬಿಡುವುದು ಕೆಟ್ಟ ಅಭ್ಯಾಸ, ಮೊದಲು ಇದನ್ನು ಮುಗಿಸು ಅಂದೆ. ಒಂದು ದಿನ ಎರಡನೇ ಪುಸ್ತಕವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು, ಅದನ್ನು ಕಿತ್ತುಕೊಂಡು ಬೀರುವಿನ ಮೇಲೆ ಇಟ್ಟೆ. ಅವಳು ಅಳಲಿಲ್ಲ, ವಾದ ಮಾಡಲಿಲ್ಲ. ನಿಧಾನವಾಗಿ ಲೈಬ್ರರಿ ಪುಸ್ತಕ ತರುವುದನ್ನೇ ಬಿಟ್ಟಳು. ಐದನೇ ತರಗತಿಗೆ ಬರುವ ಹೊತ್ತಿಗೆ ಅವಳ ಬ್ಯಾಗಿನಲ್ಲಿ ಪಠ್ಯಪುಸ್ತಕ ಮಾತ್ರ ಇರುತ್ತಿತ್ತು. ಓದು ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದು ಈಗ ಯಾರು ಕೇಳಿದರೂ ಹೇಳುತ್ತೇನೆ.

2018ರಲ್ಲಿ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದಲ್ಲಿ ಆಪರೇಷನ್, ಹನ್ನೊಂದು ದಿನ ಆಸ್ಪತ್ರೆ. ಪಕ್ಕದ ಹಾಸಿಗೆಯವರ ಅಳಿಯ ಒಂದು ಹಳೆಯ ಪುಸ್ತಕ ಓದುತ್ತಾ ಕೂತಿದ್ದ. ಊಟಕ್ಕೆ ಹೋಗುವಾಗ "ಬೇಕಾದರೆ ನೋಡಿ ಸಾರ್" ಅಂತ ನನ್ನ ಕೈಗೆ ಕೊಟ್ಟ. ತೇಜಸ್ವಿಯವರ 'ಪರಿಸರದ ಕತೆ'. ಅವನು ತೆರೆದಿಟ್ಟಿದ್ದ ಪುಟದಿಂದಲೇ, ಅಂದರೆ ನಡುವಿನಿಂದಲೇ, ಓದಲು ಶುರು ಮಾಡಿದೆ. ಮೂಡಿಗೆರೆ ಕಡೆಯ ಕಾಡು, ತೋಟ, ಕಿವಿ ಎಂಬ ನಾಯಿ, ಮಾಸ್ತಿ, ಬೈರ, ಪ್ಯಾರ. ಒಂದೊಂದು ಅಧ್ಯಾಯವೂ ಬೇರೆ ಬೇರೆ, ಹಿಂದಿನದು ಗೊತ್ತಿರಬೇಕು ಅಂತಿಲ್ಲ. ಅಪ್ಪನಿಗೆ ಕೇಳಲಿ ಅಂತ ಜೋರಾಗಿ ಓದಿದೆ. ಜೀವನವಿಡೀ ಅಡಿಕೆ ತೋಟದಲ್ಲಿ ಕಳೆದವರು ಅವರು. ನೋವಿನ ನಡುವೆಯೂ ನಕ್ಕು, "ಇಂಥವನೇ ಒಬ್ಬ ನಮ್ಮೂರಲ್ಲೂ ಇದ್ದನಲ್ಲೋ" ಅಂದರು. ಮಾರನೇ ದಿನ ಅವರೇ ಕೇಳಿದರು, "ಆ ಪುಸ್ತಕದವನು ಇದ್ದಾನಾ?"

ತೇಜಸ್ವಿ ಕುವೆಂಪು ಅವರ ಮಗ ಅಲ್ವಾ. ಅಪ್ಪನ ಪುಸ್ತಕದ ಮುಂದೆ ನಿಂತುಹೋಗಿದ್ದ ನನ್ನನ್ನು ಮಗನ ಪುಸ್ತಕ ಮತ್ತೆ ಓದಿಗೆ ಕರೆತಂತು. ಆ ವಾರ್ಡಿನಲ್ಲೇ ನನ್ನ ನಿಯಮವನ್ನು ಬಿಟ್ಟೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಾನು ಒಂದೇ ಹೊತ್ತಿಗೆ ನಾಲ್ಕು ಪುಸ್ತಕ ಓದುತ್ತೇನೆ. ಒಂದು ಮೆಟ್ರೋದಲ್ಲಿ, ಒಂದು ದಿಂಬಿನ ಪಕ್ಕ, ಒಂದು ಭಾನುವಾರಕ್ಕೆ, ಒಂದು ಸುಮ್ನೆ ಮೇಜಿನ ಮೇಲೆ. ನೀವೂ ಹಾಗೆ ಮಾಡಿ. 'ಬೇರೆ ಬೇರೆ ಬಗೆಯದು' ಬೇಕು ಎಂದು ಕೇಳಿದಿರಿ, ಅದು ಸರಿಯಾದ ಆಸೆ. ಆದರೆ ಅವನ್ನು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲಿಸಿದರೆ ಬಗೆ ಬೇರೆ ಇದ್ದೂ ಪ್ರಯೋಜನವಿಲ್ಲ. ಇವತ್ತು ಮನಸ್ಸು ಭಾರವಾಗಿದ್ದರೆ ನಗಿಸುವ ಪುಸ್ತಕ ಕೈಗೆ ಸಿಗಬೇಕು, ಮುಂದಿನ ತಿಂಗಳು ಸಿಕ್ಕರೆ ಏನು ಮಾಡುತ್ತೀರಿ?

ಮೊದಲು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋಗಿ ಗಿಡಗಳ ಪರಿಚಯ ಮಾಡಿಸುವ ಕಥನ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಪುಸ್ತಕ. ಗಿಡದ ಚಿತ್ರಗಳನ್ನು ಅವರೇ ಬರೆದಿದ್ದಾರೆ. ವಿಜ್ಞಾನ ಅಂತ ಹೆದರಬೇಡಿ, ಮೇಷ್ಟ್ರಿಗೂ ಹುಡುಗರಿಗೂ ನಡೆಯುವ ಮಾತುಕತೆ ಓದಿ ನಾನು ಮೆಟ್ರೋದಲ್ಲಿ ಜೋರಾಗಿ ನಕ್ಕಿದ್ದೇನೆ. ಇದನ್ನು ಓದಿದ ಮೇಲೆ ರಸ್ತೆ ಬದಿಯ ಗಿಡದ ಹೆಸರೇನು ಅಂತ ಕೇಳುವ ಚಟ ಹತ್ತಿತು.

ದೇವನೂರ ಮಹಾದೇವ ಅವರ 'ಒಡಲಾಳ' ತುಂಬಾ ಚಿಕ್ಕದು. ಸಾಕವ್ವನ ಹುಂಜ ಕಳೆದುಹೋಗಿದೆ, ಮನೆಗೆ ಒಂದಿಷ್ಟು ಕಡಲೆಕಾಯಿ ಬಂದಿದೆ, ರಾತ್ರಿ ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಅಷ್ಟೇ ಅನಿಸುತ್ತದೆ, ಅಷ್ಟರಲ್ಲಿ ಹಸಿವು, ಜಾತಿ, ಪೊಲೀಸು ಎಲ್ಲ ಬಂದು ಎದೆ ಮೇಲೆ ಕೂರುತ್ತದೆ. ನಮ್ಮ ಮಲೆನಾಡಿನವರಿಗೆ ಆ ಮೈಸೂರು ಸೀಮೆಯ ಆಡುಮಾತು ಮೊದಲು ಕಷ್ಟ. ಬಾಯಿಬಿಟ್ಟು ಓದಿ, ಎರಡು ಪುಟ ದಾಟುವುದರೊಳಗೆ ಕಿವಿಗೆ ಹೊಂದಿಕೊಳ್ಳುತ್ತದೆ. ಅದರ ಜೊತೆಯಲ್ಲೇ ಸಿದ್ದಲಿಂಗಯ್ಯನವರ ಆತ್ಮಕತೆ 'ಊರುಕೇರಿ'. ಅಷ್ಟು ಬಡತನವನ್ನು ಅಷ್ಟು ನಗುತ್ತಾ ಹೇಳಿದವರನ್ನು ನಾನು ಬೇರೆ ಕಂಡಿಲ್ಲ.

ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಲೇಬೇಕು. ಬಾಲವಿಧವೆಯೊಬ್ಬಳ ಇಡೀ ಬದುಕು. ಇದನ್ನು 'ಹೆಂಗಸರ ಕಾದಂಬರಿ' ಅಂತ ಪಕ್ಕಕ್ಕೆ ಸರಿಸುವವರು ಇದ್ದಾರೆ, ಅವರ ಮಾತು ಕೇಳಬೇಡಿ. ನನ್ನ ಎಂಟರ ಸಾಲಿನಲ್ಲಿ ಒಬ್ಬ ಹೆಂಗಸಿನ ಪುಸ್ತಕವೂ ಇರಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೇ ಇದನ್ನು ಓದಿದ ಮೇಲೆ. ಪ್ರಶಸ್ತಿ ಹಿಡಿದು ಪಟ್ಟಿ ಮಾಡಿದರೆ ಹೀಗೆ ಎಷ್ಟೋ ಒಳ್ಳೆಯದು ಹೊರಗೆ ಉಳಿಯುತ್ತದೆ.

ವಿವೇಕ ಶಾನಭಾಗರ 'ಘಾಚರ್ ಘೋಚರ್' ಒಂದು ಸಂಜೆಗೆ ಸಾಕು. ಇದ್ದಕ್ಕಿದ್ದಂತೆ ದುಡ್ಡು ಬಂದ ಮನೆಯೊಂದರ ಕತೆ, ಮುಗಿಸಿದ ಮೇಲೆ ನಿದ್ದೆ ಬರುವುದು ಸ್ವಲ್ಪ ಕಷ್ಟ. ದಪ್ಪ ಕಾದಂಬರಿ ಬೇಕು ಅನಿಸಿದಾಗ ವಸುಧೇಂದ್ರರ 'ತೇಜೋ ತುಂಗಭದ್ರಾ'. ಒಂದು ದಡ ಲಿಸ್ಬನ್‌ನಲ್ಲಿ, ಇನ್ನೊಂದು ದಡ ವಿಜಯನಗರದ ಕಾಲದ ನಮ್ಮ ತುಂಗಭದ್ರೆಯಲ್ಲಿ. ಇನ್ನು ಡಿವಿಜಿಯವರ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ, ಅವನ್ನು ಒಂದರಿಂದ ಶುರು ಮಾಡಿ ಓದಬೇಡಿ, ಮೇಜಿನ ಮೇಲಿಟ್ಟು ಸಿಕ್ಕ ಪುಟ ತೆಗೆಯಿರಿ.

ಬಾನು ಮುಷ್ತಾಕ್ ಅವರ ಕತೆಗಳನ್ನು ಹೇಳದೆ ಹೋದರೆ ತಪ್ಪಾಗುತ್ತದೆ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ಎಲ್ಲರೂ ಮಾತಾಡಿದರು. ಬಂದದ್ದು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ, ಹನ್ನೆರಡು ಕತೆಗಳ ಪುಸ್ತಕ. ಮಗಳು ಈಗ ಮೈಸೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದಾಳೆ. ಗೆಳತಿಯ ಹತ್ತಿರ ಆ ಇಂಗ್ಲಿಷ್ ಪುಸ್ತಕ ತೆಗೆದುಕೊಂಡು ಓದಿ ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. "ಅಪ್ಪಾ, ಇದರ ಕನ್ನಡ ಮನೇಲಿದೆಯಾ?" ನಾನು 'ಎದೆಯ ಹಣತೆ' ತೆಗೆದು ಫೋನಿನಲ್ಲೇ ಓದಿದೆ. ಸಾಯಲು ಹೊರಟ ತಾಯಿಯನ್ನು ಮಗಳು ತಡೆಯುವ ಜಾಗ ಬಂದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು, ಎರಡು ಕತೆ ಅರ್ಧಕ್ಕೇ ಬಿಟ್ಟಿದ್ದೀನಿ ಅಂತ ಮೆಲ್ಲಗೆ ಹೇಳಿದಳು. ಹತ್ತೊಂಬತ್ತು ವರ್ಷದ ಹುಡುಗಿ, ಇನ್ನೂ ನನಗೆ ಹೆದರುತ್ತಾ ಹೇಳಿದಳು. ಬಿಡು ಮಗಾ, ಏನೂ ಆಗಲ್ಲ ಅಂದೆ. ಹತ್ತು ವರ್ಷದ ಹಿಂದೆ ಹೇಳಬೇಕಿದ್ದ ಮಾತು ಅದು.

ಇನ್ನೊಂದು ಮಾತು. ಹತ್ತನ್ನೂ ಒಟ್ಟಿಗೆ ಕೊಳ್ಳಬೇಡಿ. ದುಡ್ಡು ಕೊಟ್ಟ ತಕ್ಷಣ ಮುಗಿಸಬೇಕು ಅನ್ನೋ ಒತ್ತಡ ಶುರುವಾಗುತ್ತದೆ. ನಿಮ್ಮ ಬಡಾವಣೆಯ ಸರ್ಕಾರಿ ಲೈಬ್ರರಿಗೆ ಹೋಗಿ. ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತಲೇ ಇದ್ದೇವೆ, ಅದು ನಮ್ಮದೇ ಲೈಬ್ರರಿ. ಒಂದು ಪುಸ್ತಕ ತೆಗೆದು ನಿಂತಲ್ಲೇ ಐದು ಪುಟ ಓದಿ, ನಡುವಿನಿಂದ. ಹಿಡಿಸಿದರೆ ಮನೆಗೆ ತನ್ನಿ. ತಂದ ಮೇಲೂ ಬೇಡ ಅನಿಸಿದರೆ ವಾಪಸ್ ಕೊಡಿ, ಯಾರೂ ಕಾರಣ ಕೇಳುವುದಿಲ್ಲ.

'ಶ್ರೀ ರಾಮಾಯಣ ದರ್ಶನಂ' ಏನಾಯಿತು ಅಂತ ಕೇಳಬಹುದು. ಎರಡು ವರ್ಷದ ಹಿಂದೆ ಒಂದು ಗಮಕ ಕಾರ್ಯಕ್ರಮಕ್ಕೆ ಹೋಗಿದ್ದೆ, ಮಂಥರೆಯ ಭಾಗವನ್ನೇ ವಾಚನ ಮಾಡಿದರು. ನಾನು ನಿಘಂಟು ಹಿಡಿದು ಒದ್ದಾಡಿದ್ದ ಅದೇ ಭಾಷೆ ರಾಗದಲ್ಲಿ ಬಂದಾಗ ತಡೆಯಿಲ್ಲದೆ ಅರ್ಥವಾಗುತ್ತಾ ಹೋಯಿತು. ಎಲ್ಲರೂ ಬಯ್ಯುವ ಆ ಮಂಥರೆಯನ್ನು ಕುವೆಂಪು ಎಷ್ಟು ಕರುಣೆಯಿಂದ ನೋಡಿದ್ದಾರೆ ಅಂತ ಕೇಳಿ ಕಣ್ಣು ತುಂಬಿತು. ಮನೆಗೆ ಬಂದು ಪುಸ್ತಕ ತೆಗೆದೆ. ಆ ಬಿಎಂಟಿಸಿ ಟಿಕೆಟ್ ಅಲ್ಲೇ ಇತ್ತು, ಅಕ್ಷರ ಅಳಿಸಿಹೋಗಿತ್ತು. ಮಂಥರೆಯ ಭಾಗವನ್ನು ಇಷ್ಟರಲ್ಲಿ ಮೂರು ಸಲ ಓದಿದ್ದೇನೆ. ಟಿಕೆಟ್ ಇರುವಲ್ಲಿಂದ ಅಲ್ಲಿಯವರೆಗಿನ ಪುಟಗಳನ್ನು ಇನ್ನೂ ಓದಿಲ್ಲ.